ಗೋಧಿ ಒಗ್ಗದ ಮಗು: ಗುರುತಿಸುವ ಬಗೆ, ಸಾಕುವ ಬಗೆ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬೀಜ, ಗೊಬ್ಬರ, ರಾಗಿಯ ಬೆಂಕಿ ರೋಗ ಇವುಗಳ ವಿಷಯ ಬರೆಯುವವನು. ಈ ಸಲ ಮಗುವಿನ ತಟ್ಟೆಯ ವಿಷಯ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿ ನಿಮ್ಮ ಹಳ್ಳಿಗಳಲ್ಲಿ ಓಡಾಡುವ ಗ್ರಾಮಸೇವಕ. ಆದರೆ ಕೆಂಗೇರಿ ಸುತ್ತಿನ ಎರಡು ಮನೆಗಳಲ್ಲಿ ನಾನು ಕಂಡದ್ದನ್ನು ನಿಮಗೆ ಹೇಳದೆ ಇರಲಾರೆ. ಅದರಲ್ಲಿ ಒಂದು ಮನೆಗೆ ನಾನೇ ಕೊಟ್ಟ ಸಲಹೆ ತಪ್ಪಾಯಿತು. ಆ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದೆಂದು, ತಿಳಿದ ವೈದ್ಯರನ್ನು ಕೇಳಿ ಈ ಲೇಖನ ಬರೆದಿದ್ದೇನೆ.

ಎರಡು ಮನೆಗಳ ಕಥೆ

ಮೊದಲನೆಯ ಮನೆಯಲ್ಲಿ ಒಂದೂವರೆ ವರ್ಷದ ಗಂಡು ಕೂಸು. ಒಂದು ಬೆಳಿಗ್ಗೆ ರವೆ ಗಂಜಿ ಕುಡಿದ ಹತ್ತು ನಿಮಿಷದೊಳಗೆ ತುಟಿ ಊದಿತು, ಮೈಯೆಲ್ಲ ಪಿತ್ತಗಂಧೆ ಎದ್ದಿತು. ನಾನು ಅದೇ ಹೊತ್ತಿಗೆ ಬೀಜದ ಚೀಟಿ ಕೊಡಲು ಹೋಗಿದ್ದೆ. ಅಜ್ಜಿ, ''ದೃಷ್ಟಿ ತಾಗಿದೆ ಸ್ವಾಮಿ, ನೀವಾಳಿಸಿ ಹಾಕಿದ್ದೀವಿ, ಹೋಗುತ್ತೆ'' ಎಂದರು. ಮಧ್ಯಾಹ್ನಕ್ಕೆ ಗಂಧೆ ಇಳಿಯಿತು, ಎಲ್ಲರೂ ಮರೆತರು. ಹದಿನೈದು ದಿನಗಳ ಮೇಲೆ ಮಾವ ಬೇಕರಿಯಿಂದ ತಂದ ಬನ್ನನ್ನು ಕೂಸು ತಿಂದಿತು. ಈ ಸಲ ವಾಂತಿ ಬಂತು, ಉಸಿರು ಸುಯ್ಯೆಂದಿತು, ಕಣ್ಣು ಮೇಲಕ್ಕೆ ಹೋಯಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ತೊಡೆಗೆ ಚುಚ್ಚುಮದ್ದು ಕೊಟ್ಟ ಮೇಲೆ ಕೂಸು ಉಳಿಯಿತು.

ಎರಡನೆಯ ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣು ಮಗು. ತಿಂಗಳುಗಟ್ಟಲೆ ಭೇದಿ, ಹೊಟ್ಟೆ ಡುಬ್ಬ, ಕೈಕಾಲು ಕಡ್ಡಿ. ಮೊದಲನೆಯ ಮನೆಯದನ್ನು ನೋಡಿದ್ದ ನಾನು, ಎಲ್ಲ ತಿಳಿದವನಂತೆ, ''ಇದೂ ಗೋಧಿಯದೇ ಇರಬೇಕು, ಇವತ್ತಿನಿಂದಲೇ ನಿಲ್ಲಿಸಿ'' ಎಂದುಬಿಟ್ಟೆ. ಅವರು ನಿಲ್ಲಿಸಿದರು. ನಾಲ್ಕು ತಿಂಗಳ ನಂತರ ವೈದ್ಯರಲ್ಲಿಗೆ ಹೋದಾಗ ರಕ್ತದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ವೈದ್ಯರು ಹೇಳಿದ್ದು ಇಷ್ಟು: ''ಗೋಧಿ ತಿನ್ನುತ್ತಿರುವಾಗ ಬಂದಿದ್ದರೆ ರೋಗ ಸಿಕ್ಕಿಬೀಳುತ್ತಿತ್ತು. ಈಗ ರೋಗ ಇಲ್ಲವೋ, ಗೋಧಿ ನಿಲ್ಲಿಸಿದ್ದರಿಂದ ಅಡಗಿದೆಯೋ ಹೇಳಲಾಗದು.'' ಮಗುವಿಗೆ ಮತ್ತೆ ಕೆಲವು ವಾರ ಗೋಧಿ ತಿನ್ನಿಸಿ, ಮತ್ತೆ ಭೇದಿ ಬರಿಸಿ, ಪರೀಕ್ಷೆ ಮಾಡಿಸಬೇಕಾಯಿತು. ಆ ವಾರಗಳಲ್ಲಿ ಆ ತಾಯಿಯ ಮುಖ ನೋಡುವುದು ನನಗೆ ಕಷ್ಟವಾಗಿತ್ತು.

ಒಂದು ಮನೆಯಲ್ಲಿ ಕಂಡದ್ದನ್ನು ಅಲಕ್ಷ್ಯ ಮಾಡಿದರು. ಇನ್ನೊಂದರಲ್ಲಿ ಪರೀಕ್ಷೆಗೆ ಮುಂಚೆಯೇ ತೀರ್ಮಾನ ಮಾಡಿದೆವು. ಎರಡೂ ತಪ್ಪೇ.

ಗೋಧಿಯಲ್ಲಿ ವಿಷವಿದೆಯೇ?

ಇಲ್ಲ. ಗೋಧಿ ಒಳ್ಳೆಯ ಧಾನ್ಯ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಸೀಮೆಯಲ್ಲಿ ಅದು ಹಬ್ಬದ ಹೋಳಿಗೆಗೆ, ಶಾವಿಗೆಗೆ ಮಾತ್ರ ಮನೆಗೆ ಬರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ ಪಡಿತರದ ಅಂಗಡಿಗೂ ಬಂತು. ಇಂದು ರಾಮೋಹಳ್ಳಿ, ಸೂಲಿಕೆರೆಯಂಥ ಕಡೆಯೂ ಬೆಳಗಿನ ಉಪ್ಪಿಟ್ಟು, ರಾತ್ರಿಯ ಚಪಾತಿ, ಮಗುವಿನ ಕೈಯ ಬಿಸ್ಕತ್ತು ಎಲ್ಲವೂ ಗೋಧಿಯೇ. ಹೆಚ್ಚಿನ ಮಕ್ಕಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ.

ಕೆಲವೇ ಮಕ್ಕಳ ಮೈ ಮಾತ್ರ ಗೋಧಿಯ ಸಾರಾಂಶವನ್ನು, ಅಂದರೆ ಅದರ ಪ್ರೋಟೀನನ್ನು, ಶತ್ರುವೆಂದು ಎಣಿಸುತ್ತದೆ. ಹೊಲ ಕಾಯುವ ನಾಯಿ ಮನೆಯ ನೆಂಟನನ್ನು ಕಳ್ಳನೆಂದು ತಿಳಿದು ಮೇಲೆ ಬಿದ್ದ ಹಾಗೆ. ತಪ್ಪು ನೆಂಟನದಲ್ಲ, ಆದರೂ ಗಾಯ ಗಾಯವೇ. ಇದನ್ನೇ ಅಲರ್ಜಿ ಎನ್ನುತ್ತಾರೆ.

ಬೇಗನೆ ಬರುವುದು, ನಿಧಾನವಾಗಿ ಬರುವುದು

ಗೋಧಿಯಿಂದ ಮಕ್ಕಳಿಗೆ ಬರುವ ತೊಂದರೆಯಲ್ಲಿ ಮುಖ್ಯವಾಗಿ ಎರಡು ಬಗೆ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳತಕ್ಕದ್ದು ಅಗತ್ಯ.

1. ಗೋಧಿ ಅಲರ್ಜಿ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಪಿತ್ತಗಂಧೆ, ತುರಿಕೆ, ತುಟಿ ಮತ್ತು ಕಣ್ಣಿನ ಸುತ್ತ ಊತ, ವಾಂತಿ, ಹೊಟ್ಟೆನೋವು, ಕೆಮ್ಮು, ಉಬ್ಬಸ ಇದರ ಗುರುತು. ಕೆಲವರಿಗೆ ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವುದೂ ಉಂಟು. ಸ್ವಲ್ಪ ದೊಡ್ಡ ಮಕ್ಕಳಲ್ಲಿ, ಚಪಾತಿ ತಿಂದು ಸುಮ್ಮನೆ ಕೂತರೆ ಏನೂ ಆಗದೆ, ತಿಂದ ಕೂಡಲೇ ಓಡಿ ಆಡಿದರೆ ಮಾತ್ರ ಹೀಗೆ ಆಗುವುದೂ ಇದೆ.

2. ಸೀಲಿಯಾಕ್ ರೋಗ. ಇದು ಅಲರ್ಜಿಯಲ್ಲ. ಗೋಧಿಯ ಅಂಟು, ಅಂದರೆ ಗ್ಲುಟೆನ್, ಕರುಳಿನ ಒಳಪದರವನ್ನು ಮೆಲ್ಲಮೆಲ್ಲನೆ ಹಾಳುಮಾಡುತ್ತದೆ. ವಾರ, ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಿಲ್ಲದ ಭೇದಿ, ಉಬ್ಬಿದ ಹೊಟ್ಟೆ, ರಕ್ತಹೀನತೆ, ಏರದ ತೂಕ, ಬೆಳೆಯದ ಎತ್ತರ ಇದರ ಗುರುತು. ಎರಡನೆಯ ಮನೆಯ ಮಗುವಿಗೆ ಕೊನೆಗೆ ತಿಳಿದುಬಂದದ್ದು ಇದೇ.

ಸೀಲಿಯಾಕ್ ರೋಗಕ್ಕೂ ಗೋಧಿಗೂ ಇರುವ ನಂಟನ್ನು ಖಚಿತಪಡಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ, ಯುದ್ಧದ ಕ್ಷಾಮದಿಂದ ಆ ದೇಶದಲ್ಲಿ ಬ್ರೆಡ್ ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ನರಳುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. ನಮ್ಮ ದೇಶದಲ್ಲಿ ಈ ರೋಗ ಗೋಧಿ ಹೆಚ್ಚು ತಿನ್ನುವ ಉತ್ತರದ ಕಡೆ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ.

ಮೊದಲು ಪುಸ್ತಕ ಹಿಡಿಯಿರಿ

ರಾಗಿಯ ಎಲೆ ಹಳದಿಯಾದರೆ ನೀವು ಏನು ಮಾಡುತ್ತೀರಿ? ನೀರು ನಿಂತಿದೆಯೇ, ಸಾರಜನಕ ಸಾಲದೇ, ಹುಳ ಬಿದ್ದಿದೆಯೇ ಎಂದು ನೋಡುತ್ತೀರಿ. ನೋಡದೆ ಯೂರಿಯಾ ಸುರಿಯುವವನು ಜಾಣ ರೈತನಲ್ಲ. ಮಗುವಿನ ವಿಷಯದಲ್ಲಿಯೂ ಹಾಗೆಯೇ. ಅನುಮಾನ ಬಂದರೆ ಒಂದು ನೋಟು ಪುಸ್ತಕದಲ್ಲಿ ಇಷ್ಟನ್ನು ಬರೆದಿಡಿ. ಓದು ಬಾರದ ತಾಯಂದಿರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ:

1. ಮಗು ಏನು ತಿಂದಿತು, ಎಷ್ಟು ತಿಂದಿತು.
2. ತಿಂದದ್ದು ಎಷ್ಟು ಹೊತ್ತಿಗೆ, ತೊಂದರೆ ಕಂಡದ್ದು ಎಷ್ಟು ಹೊತ್ತಿಗೆ.
3. ಮೈಯಲ್ಲಿ ಏನೇನು ಕಂಡಿತು. ಗಂಧೆ ಬೇಗ ಅಡಗುತ್ತದೆ; ಆದುದರಿಂದ ಫೋನಿನಲ್ಲಿ ಒಂದು ಚಿತ್ರ ತೆಗೆದಿಡಿ.
4. ಅದೇ ಹೊತ್ತಿಗೆ ಜ್ವರ, ನೆಗಡಿ ಇತ್ತೇ, ಯಾವ ಮಾತ್ರೆ ಕೊಟ್ಟಿದ್ದಿರಿ.
5. ಹಿಂದೆಯೂ ಹೀಗೆ ಆಗಿತ್ತೇ.
6. ತಿಂದ ಪದಾರ್ಥ ಪೊಟ್ಟಣದ್ದಾದರೆ ಆ ಪೊಟ್ಟಣವನ್ನು ಎಸೆಯಬೇಡಿ.

ಮೊದಲನೆಯ ಮನೆಯಲ್ಲಿ ರವೆ ಗಂಜಿಯ ದಿನವೇ ಇಷ್ಟು ಬರೆದಿಟ್ಟು ವೈದ್ಯರಿಗೆ ತೋರಿಸಿದ್ದರೆ ಬನ್ನಿನ ಅನಾಹುತ ಆಗುತ್ತಿರಲಿಲ್ಲ. ವೈದ್ಯರಿಗೆ ಅರ್ಧ ರೋಗ ಈ ಪುಸ್ತಕದಲ್ಲಿಯೇ ತಿಳಿಯುತ್ತದೆ.

ಪರೀಕ್ಷೆಗಳ ವಿಷಯ

ಅಲರ್ಜಿಯ ಅನುಮಾನವಿದ್ದರೆ ವೈದ್ಯರು ಎರಡು ಬಗೆಯ ಪರೀಕ್ಷೆ ಮಾಡಿಸಬಹುದು. ಒಂದು, ಮುಂಗೈ ಅಥವಾ ಬೆನ್ನಿನ ಚರ್ಮದ ಮೇಲೆ ಗೋಧಿ ಸಾರದ ಹನಿ ಇಟ್ಟು ಸೂಜಿಮೊನೆಯಿಂದ ಮೆಲ್ಲನೆ ಗೀರಿ, ಗಂಧೆ ಏಳುವುದೋ ನೋಡುವುದು. ಇದಕ್ಕೆ ಮೊದಲು ತುರಿಕೆಯ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ನಿಲ್ಲಿಸಬೇಕಾಗುತ್ತದೆ. ಇನ್ನೊಂದು, ರಕ್ತದಲ್ಲಿ ಗೋಧಿಯ ವಿರುದ್ಧದ ಐಜಿಇ ಎಂಬ ಅಂಶವನ್ನು ಅಳೆಯುವುದು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಪರೀಕ್ಷೆಯ ಚೀಟಿಯಲ್ಲಿ 'ಇದೆ' ಎಂದು ಬಂದ ಮಾತ್ರಕ್ಕೆ ರೋಗ ಇದೆ ಎಂದು ಅರ್ಥವಲ್ಲ. ನಮ್ಮ ಕರ್ನಾಟಕದಲ್ಲಿಯೇ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಯಾವುದಾದರೊಂದು ಆಹಾರದ ವಿರುದ್ಧ ರಕ್ತದಲ್ಲಿ ಗುರುತು ಕಂಡವರು ನೂರಕ್ಕೆ 26.5ರಷ್ಟು. ಆದರೆ ಗುರುತೂ ಇದ್ದು, ತಿಂದಾಗ ತೊಂದರೆಯೂ ಆಗಿ, ಅಲರ್ಜಿ ಇರಬಹುದೆಂದು ಕಂಡವರು ನೂರಕ್ಕೆ 1.2 ಮಾತ್ರ. ಕಾರಣವೇನೆಂದರೆ, ಗೋಧಿಯೂ ಹುಲ್ಲಿನ ಜಾತಿಯದೇ. ಹುಲ್ಲಿನ ಪರಾಗ ಒಗ್ಗದೆ ಸೀನುವ ಮಗುವಿನ ರಕ್ತವೂ ಗೋಧಿಯ ಪರೀಕ್ಷೆಯಲ್ಲಿ 'ಇದೆ' ಎನ್ನಬಹುದು. ಆ ಮಗು ಚಪಾತಿಯನ್ನು ಸುಖವಾಗಿ ತಿನ್ನುತ್ತಿರಬಹುದು. ಚೀಟಿಯನ್ನು ನಂಬಿ ಗೋಧಿ, ಹಾಲು, ಮೊಟ್ಟೆ, ಕಾಳು ಎಲ್ಲವನ್ನೂ ನಿಲ್ಲಿಸಿದರೆ ಮಗು ಅಲರ್ಜಿಯಿಂದಲ್ಲ, ಹಸಿವಿನಿಂದ ಸೊರಗುತ್ತದೆ. ನೋಟು ಪುಸ್ತಕವೂ ಪರೀಕ್ಷೆಯೂ ಒಂದೇ ಮಾತು ಹೇಳಬೇಕು. ಅನುಮಾನ ಉಳಿದರೆ, ಆಸ್ಪತ್ರೆಯಲ್ಲಿಯೇ ವೈದ್ಯರ ಕಣ್ಣೆದುರು ಚೂರು ಚೂರಾಗಿ ಗೋಧಿ ತಿನ್ನಿಸಿ ನೋಡುತ್ತಾರೆ. ಇದನ್ನು ಮನೆಯಲ್ಲಿ ಮಾಡಲೇಬಾರದು.

ಐಜಿಜಿ ಎಂಬ ಇನ್ನೊಂದು ರಕ್ತ ಪರೀಕ್ಷೆಯನ್ನು, ಕೂದಲಿನ ಪರೀಕ್ಷೆಯನ್ನು ಅಲರ್ಜಿ ತಿಳಿಸುವುದೆಂದು ಹೇಳಿ ಮಾರುವವರಿದ್ದಾರೆ. ಇವುಗಳಿಂದ ಅಲರ್ಜಿ ತಿಳಿಯುವುದಿಲ್ಲ. ಹಣ ಕಳೆದುಕೊಳ್ಳಬೇಡಿ.

ಸೀಲಿಯಾಕ್ ರೋಗಕ್ಕೆ ಬೇರೆ ರಕ್ತ ಪರೀಕ್ಷೆ ಇದೆ. ಬೇಕಾದರೆ ಕರುಳಿನ ಚೂರನ್ನೂ ತೆಗೆದು ನೋಡುತ್ತಾರೆ. ಈ ಪರೀಕ್ಷೆ ಮುಗಿಯುವ ತನಕ ಮಗು ಗೋಧಿ ತಿನ್ನುತ್ತಲೇ ಇರಬೇಕು. ಗೊಬ್ಬರ ಹಾಕಿದ ಮರುದಿನ ಮಣ್ಣಿನ ಮಾದರಿ ತೆಗೆದರೆ ಮಣ್ಣು ಪರೀಕ್ಷೆ ಸುಳ್ಳು ಹೇಳುತ್ತದೆ ಎಂದು ನಾನೇ ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಆದರೂ ಆ ಮನೆಯಲ್ಲಿ ಅದೇ ತಪ್ಪನ್ನು ಮಾಡಿಸಿದೆ. ಆದರೆ ಬೇಗನೆ ಊದುವ, ಉಸಿರು ಕಟ್ಟುವ ಮಗುವಿಗೆ ಈ ಮಾತು ಸಲ್ಲದು. ಅಂಥ ಮಗುವಿಗೆ ಒಡನೆಯೇ ಗೋಧಿ ನಿಲ್ಲಿಸಿ, ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಹೋಗುವುದು ಎಲ್ಲಿಗೆ? ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಲ್ಲಿಂದ ಚೀಟಿ ಪಡೆದು ದೊಡ್ಡ ಆಸ್ಪತ್ರೆಗೆ. ಸರ್ಕಾರದ ವಾಣಿ ವಿಲಾಸ ಆಸ್ಪತ್ರೆ ಮಾರುಕಟ್ಟೆಯ ಬಳಿ ಇದೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳಿ ಇದೆ. ಕುಂಬಳಗೋಡು, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಇಎಸ್ಐ ಕಾರ್ಡುದಾರರಿಗೆ ರಾಜಾಜಿನಗರದ ಇಎಸ್ಐ ಆಸ್ಪತ್ರೆ ಇದೆ. 2021ರಿಂದ ಕೆಂಗೇರಿಗೆ ಮೆಟ್ರೋ ಬಂದಿರುವುದರಿಂದ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿಯಬಹುದು. ನೋಟು ಪುಸ್ತಕ ಮರೆಯಬೇಡಿ.

ಉಸಿರು ಕಟ್ಟಿದಾಗ

ಗಂಧೆಯ ಜೊತೆಗೆ ಉಬ್ಬಸ, ಧ್ವನಿ ಕಟ್ಟುವುದು, ಬಿಡದ ವಾಂತಿ, ಜೋಮು, ಸುಸ್ತು ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ.

1. ಕೂಡಲೇ 108ಕ್ಕೆ ಕರೆ ಮಾಡಿ. ವಾಹನ ಹತ್ತಿರವಿದ್ದರೆ ಹತ್ತಿರದ ಆಸ್ಪತ್ರೆಗೆ ಹೊರಡಿ.
2. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ನಿಲ್ಲಿಸುವುದು, ನಡೆಸುವುದು ಬೇಡ.
3. ಆಸ್ಪತ್ರೆಗೆ ಹೋದ ಕೂಡಲೇ ''ಗೋಧಿ ತಿಂದು ಹೀಗಾಯಿತು'' ಎಂದು ಮೊದಲೇ ಹೇಳಿ. ಇದಕ್ಕೆ ಜೀವ ಉಳಿಸುವ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆ ಅದರ ಬದಲಿಗೆ ಆಗುವುದಿಲ್ಲ.
4. ಚೇತರಿಸಿಕೊಂಡ ಮೇಲೂ ವೈದ್ಯರು ಇರಿ ಎಂದಷ್ಟು ಹೊತ್ತು ಅಲ್ಲೇ ಇರಿ. ಕೆಲವು ಗಂಟೆಗಳ ನಂತರ ಮತ್ತೆ ಬರುವುದುಂಟು.

ಒಮ್ಮೆ ಹೀಗಾದ ಮಗುವಿಗೆ ಮನೆಯಲ್ಲಿ ಯಾವ ಮದ್ದು ಇಟ್ಟುಕೊಳ್ಳಬೇಕು, ಹೇಗೆ ಕೊಡಬೇಕು ಎಂಬುದನ್ನು ವೈದ್ಯರಿಂದ ಕೇಳಿ ಕಲಿತುಕೊಳ್ಳಿ. ನೀವಾಳಿಸುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ನೀವಾಳಿಸಿ.

ರೋಗ ಖಚಿತವಾದ ಮೇಲೆ ಯಾವುದನ್ನು ಬಿಡಬೇಕು?

ಚಪಾತಿ, ಪೂರಿ, ಬ್ರೆಡ್ಡು, ಬನ್ನು, ರಸ್ಕು, ಬಿಸ್ಕತ್ತು, ಕೇಕು ಇವು ಎಲ್ಲರಿಗೂ ತಿಳಿದದ್ದೇ. ಮೈದಾ ಎಂದರೆ ಗೋಧಿಯೇ. ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆ ಮೂರೂ ಗೋಧಿಯೇ. ಇಡ್ಲಿ ರವೆ ಮಾತ್ರ ಅಕ್ಕಿಯದು. ಆದರೆ ಹೋಟೆಲಿನ 'ರವೆ ಇಡ್ಲಿ' ಗೋಧಿ ರವೆಯದು. ಹೆಸರು ಒಂದೇ ತೆರನಾಗಿರುವುದರಿಂದ ಇಲ್ಲಿ ಅನೇಕರು ಎಡವುತ್ತಾರೆ.

ಕಣ್ಣಿಗೆ ಕಾಣದೆ ಬರುವ ಗೋಧಿ ಇನ್ನೂ ಅಪಾಯ. ಮದ್ದೂರು ವಡೆಯಲ್ಲಿ ರವೆ, ಮೈದಾ ಇರುತ್ತದೆ. ಅಂಗಡಿಯ ನಿಪ್ಪಟ್ಟು, ಕೋಡುಬಳೆಯಲ್ಲಿ ಇರಬಹುದು. ಗೋಬಿ ಮಂಚೂರಿಯ ಹಿಟ್ಟಿನಲ್ಲಿ ಮೈದಾ, ಅದರ ಸೋಯಾ ಸಾಸಿನಲ್ಲಿ ಗೋಧಿ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಗೋಧಿ, ಬಾರ್ಲಿ ಇರುವುದುಂಟು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಸಾರಿನ ಒಗ್ಗರಣೆಯ ಇಂಗು: ಡಬ್ಬಿಯಲ್ಲಿ ಮಾರುವ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಪೊಟ್ಟಣದ ಮೇಲೆ ಏನೇನು ಸೇರಿದೆ, ಯಾವ ಅಲರ್ಜಿಯ ಪದಾರ್ಥವಿದೆ ಎಂದು ಬರೆಯಬೇಕೆಂಬ ನಿಯಮವಿದೆ. ವೀಟ್, ಆಟಾ, ಮೈದಾ, ಸೂಜಿ, ಸೆಮೊಲಿನಾ, ಗ್ಲುಟೆನ್ ಎಂಬ ಯಾವ ಮಾತು ಕಂಡರೂ ಆ ಪೊಟ್ಟಣ ಬೇಡ. ಸೀಲಿಯಾಕ್ ರೋಗವಿದ್ದರೆ ಬಾರ್ಲಿಯೂ ಬೇಡ. ಅಲರ್ಜಿ ಮಾತ್ರವಿದ್ದರೆ ಬಾರ್ಲಿಯ ವಿಷಯ ವೈದ್ಯರನ್ನು ಕೇಳಿ.

ಹಿಟ್ಟಿನ ಗಿರಣಿಯಲ್ಲಿ ಎಚ್ಚರ

ನಮ್ಮ ಹಳ್ಳಿಗಳಲ್ಲಿ ಬಹಳ ಜನ ಮರೆಯುವುದು ಇದನ್ನು. ನಿಮ್ಮ ಹೊಲದ ಶುದ್ಧ ರಾಗಿಯನ್ನೇ ಒಯ್ದಿರಬಹುದು. ಆದರೆ ನಿಮಗಿಂತ ಮುಂಚಿನವರು ಅದೇ ಕಲ್ಲಿನಲ್ಲಿ ಗೋಧಿ ಬೀಸಿದ್ದರೆ ಮೊದಲ ಸೇರಿನ ಹಿಟ್ಟಿನಲ್ಲಿ ಗೋಧಿ ಬೆರೆತೇ ಬರುತ್ತದೆ. ಮೊದಲನೆಯ ಮನೆಯಲ್ಲಿ ಗೋಧಿಯನ್ನು ಪೂರ್ತಿ ಬಿಟ್ಟ ಮೇಲೂ ಕೂಸಿಗೆ ಆಗಾಗ ಗಂಧೆ ಏಳುತ್ತಿತ್ತು. ಹುಡುಕಿದಾಗ ಸಿಕ್ಕ ಕಾರಣ ಇದು.

ಗೋಧಿ ಬೀಸದ ಗಿರಣಿ ಸಿಕ್ಕರೆ ಅತ್ಯುತ್ತಮ. ಇಲ್ಲವಾದರೆ ಮನೆಯ ಬೀಸುವ ಕಲ್ಲನ್ನು ಮತ್ತೆ ಹೊರಗೆ ತೆಗೆಯಿರಿ, ಅಥವಾ ಮಗುವಿಗೆಂದೇ ಚಿಕ್ಕ ಮಿಕ್ಸಿ ಜಾರು ಇಡಿ. ಮಗುವಿಗೆ ಬೇಕಾದ ಹಿಟ್ಟು ಎಷ್ಟು ಮಹಾ? ಒಂದು ವೇಳೆ ಗಿರಣಿಗೇ ಹೋಗಬೇಕಾದರೆ, ಬೆಳಿಗ್ಗೆ ಗಿರಣಿ ಗುಡಿಸಿ ಒರೆಸಿದ ಮೇಲೆ ಮೊದಲನೆಯವರಾಗಿ ಹೋಗಿ; ಮೊದಲು ಬಂದ ಕೆಲವು ಸೇರು ಹಿಟ್ಟನ್ನು ದೊಡ್ಡವರಿಗೆ ಇಟ್ಟು, ನಂತರದ್ದನ್ನು ಬೇರೆ ಡಬ್ಬಿಗೆ ಹಾಕಿ. ಇದು ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಗೋಧಿ ಹಿಟ್ಟಿನ ಧೂಳು ಉಸಿರಿನಲ್ಲಿ ಹೋದರೂ ಕೆಲವರಿಗೆ ಉಬ್ಬಸ ಬರುವುದರಿಂದ ಅಂಥ ಮಗುವನ್ನು ಗಿರಣಿಗೆ ಕರೆದೊಯ್ಯಬೇಡಿ. ಅಡಿಗೆ ಮನೆಯಲ್ಲಿಯೂ ಮಗುವಿನ ಜರಡಿ, ಹೆಂಚು, ಹಿಟ್ಟಿನ ಡಬ್ಬಿ ಬೇರೆ ಇರಲಿ.

ಮಗುವಿಗೆ ಏನು ಕೊಡುವುದು?

ಇಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಈ ವಿಷಯದಲ್ಲಿ ಸುಳ್ಳು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಅಕ್ಕಿ, ಜೋಳ, ಮುಸುಕಿನ ಜೋಳ, ನವಣೆ, ಸಾಮೆಗಳಲ್ಲಿಯೂ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಗೋಧಿ ಹಿಟ್ಟಿನಲ್ಲಿ 50ಕ್ಕಿಂತ ಕಡಿಮೆ. ಪ್ರೋಟೀನು ಮಾತ್ರ ಗೋಧಿಗಿಂತ ರಾಗಿಯಲ್ಲಿ ಕಡಿಮೆ. ಆದುದರಿಂದ ಬರಿಯ ಮುದ್ದೆ ಸಾಲದು. ಜೊತೆಗೆ ಕಾಳು, ಹಾಲು, ಮೊಟ್ಟೆ ಇರಬೇಕು.

ಎರಡು ಮೂರು ವರ್ಷದ ಮಗುವಿನ ಒಂದು ದಿನದ ಊಟ ಹೀಗಿರಬಹುದು:

ಬೆಳಿಗ್ಗೆ: ಮೊಳಕೆ ಕಟ್ಟಿದ ರಾಗಿಯ ಸರಿ, ಹಾಲು ಮತ್ತು ಸ್ವಲ್ಪ ಬೆಲ್ಲ ಹಾಕಿ. ಮೊಳಕೆ ಕಟ್ಟಿದ ಹಿಟ್ಟು ಗಂಜಿಯನ್ನು ಗಟ್ಟಿಯಾಗಿಸುವುದಿಲ್ಲವಾದ್ದರಿಂದ ಮಗು ಹೆಚ್ಚು ತಿನ್ನುತ್ತದೆ.
ಮಧ್ಯಾಹ್ನ: ಚಿಕ್ಕ ಮುದ್ದೆ ಅಥವಾ ಅನ್ನ, ಅವರೆಕಾಳು ಸಾರು ಇಲ್ಲವೆ ಮಸ್ಸೊಪ್ಪು, ಒಂದು ಚಮಚ ತುಪ್ಪ.
ಸಾಯಂಕಾಲ: ಬಾಳೆಹಣ್ಣು, ಹುರಿಗಡಲೆ ಪುಡಿ ಮತ್ತು ಬೆಲ್ಲದ ಉಂಡೆ. ಬಿಸ್ಕತ್ತಿನ ಜಾಗಕ್ಕೆ ಇದು.
ರಾತ್ರಿ: ಅಕ್ಕಿ ರೊಟ್ಟಿ ಅಥವಾ ಇಡ್ಲಿ, ಬೇಯಿಸಿದ ಮೊಟ್ಟೆ ಇಲ್ಲವೆ ಹೆಸರುಬೇಳೆ ತೊವ್ವೆ.

ಹಬ್ಬದ ದಿನ ಮಗುವನ್ನು ಬೇರೆ ಕೂರಿಸಿ ಅಳಿಸಬೇಡಿ. ಹೋಳಿಗೆಯ ಹೂರಣವನ್ನೇ ಅಕ್ಕಿ ಹಿಟ್ಟಿನ ಕಡುಬಿಗೆ ತುಂಬಿ. ಅಕ್ಕಿಯ ಒತ್ತು ಶಾವಿಗೆ ಮಾಡಿ. ಮನೆಯವರೆಲ್ಲ ಅದನ್ನೇ ತಿಂದರೆ ಇನ್ನೂ ಚೆಂದ.

ಹೊರಗಿನವರಿಗೆ ತಿಳಿಸಿ

ಅಂಗನವಾಡಿಯ ಕಾರ್ಯಕರ್ತೆಯವರಿಗೆ, ಶಾಲೆಯ ಮೇಷ್ಟರಿಗೆ, ಬಿಸಿಯೂಟ ಮಾಡುವ ಅಮ್ಮನವರಿಗೆ ವೈದ್ಯರ ಚೀಟಿ ತೋರಿಸಿ. ಕೊಡುವ ಹಿಟ್ಟಿನಲ್ಲಿ, ಉಪ್ಪಿಟ್ಟಿನಲ್ಲಿ ಗೋಧಿ ಇದೆಯೇ ಎಂದು ಕೇಳಿ. ಮಗುವಿಗೂ ಮಾತು ಬಂದ ಕೂಡಲೇ ''ನನಗೆ ಗೋಧಿ ಆಗಲ್ಲ'' ಎಂದು ಹೇಳಲು ಕಲಿಸಿ. ಮದುವೆ ಮನೆಯಲ್ಲಿ ''ಒಂದು ಚೂರು ತಿಂದರೆ ಏನಾಗುತ್ತೆ'' ಎನ್ನುವ ನೆಂಟರೇ ದೊಡ್ಡ ಅಪಾಯ. ಅಲರ್ಜಿಯ ಮಗುವಿಗೆ ಆ ಚೂರೇ ಸಾಕು.

ಜೀವನಪೂರ್ತಿ ಹೀಗೆಯೇ?

ಸೀಲಿಯಾಕ್ ರೋಗಕ್ಕೆ ಹೌದು. ಗೋಧಿಯನ್ನು ಜೀವನಪೂರ್ತಿ ಬಿಡಬೇಕು. ಬಿಟ್ಟರೆ ಕರುಳು ವಾಸಿಯಾಗಿ ಮಗು ಎಲ್ಲರಂತೆ ಬೆಳೆಯುತ್ತದೆ. ಗೋಧಿ ಅಲರ್ಜಿ ಮಾತ್ರ ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುತ್ತ ತಾನಾಗಿ ಹೋಗುತ್ತದೆ. ಹನ್ನೆರಡು ವರ್ಷದೊಳಗೆ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ವಾಸಿಯಾದದ್ದನ್ನು ವೈದ್ಯರು ಕಂಡಿದ್ದಾರೆ. ಆದುದರಿಂದ ವೈದ್ಯರು ಹೇಳಿದ ಗಡುವಿಗೆ ಮತ್ತೆ ತೋರಿಸಿ. ಹೋಯಿತೋ ಇಲ್ಲವೋ ಎಂದು ನೀವೇ ತಿನ್ನಿಸಿ ನೋಡಬೇಡಿ.

ಇದನ್ನು ಓದಿ ಆರೋಗ್ಯವಾಗಿರುವ ಕೂಸಿಗೂ ಗೋಧಿ ಕೊಡಲು ಹೆದರಬೇಡಿ. ಆರು ತಿಂಗಳು ತುಂಬಿ ಮೇಲೂಟ ಆರಂಭಿಸಿದ ಮೇಲೆ ಎಲ್ಲ ಧಾನ್ಯಗಳ ಜೊತೆ ಗೋಧಿಯನ್ನೂ ಸ್ವಲ್ಪ ಸ್ವಲ್ಪ ಕೊಡಬಹುದು. ತಡಮಾಡಿ ಕೊಟ್ಟರೆ ಅಲರ್ಜಿ ಬಾರದೆಂಬುದು ತಪ್ಪು ತಿಳಿವಳಿಕೆ.

ಮೊದಲನೆಯ ಮನೆಯ ಕೂಸಿಗೆ ಈಗ ಮೂರು ವರ್ಷ ತುಂಬಿದೆ. ಕಣದಲ್ಲಿ ರಾಗಿ ತೂರುವಾಗ ಮೊರ ಹಿಡಿದು ಅಡ್ಡ ಬರುತ್ತಾನೆ. ಎರಡನೆಯ ಮನೆಯ ಹುಡುಗಿಯ ತೂಕ ಏರುತ್ತಿದೆ. ಆ ತಾಯಿ ನನ್ನನ್ನು ಮತ್ತೆ ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಡುತ್ತಾರೆ. ನಿಮ್ಮ ಮಗುವಿನ ಮೇಲೆ ಅನುಮಾನವಿದ್ದರೆ ಇಂದೇ ಒಂದು ನೋಟು ಪುಸ್ತಕ ತೆಗೆದು ಮೊದಲ ಸಾಲು ಬರೆಯಿರಿ. ಮುಂದಿನ ಗುರುವಾರ ನಾನು ಹಳ್ಳಿಗೆ ಬಂದಾಗ ತೋರಿಸಿದರೆ, ಆರೋಗ್ಯ ಕೇಂದ್ರದ ತನಕ ನಿಮ್ಮ ಜೊತೆ ನಾನೂ ಬರುತ್ತೇನೆ. ಆದರೆ ತುಟಿ ಊದಿದ, ಉಸಿರು ಕಟ್ಟಿದ ಮಗುವಿಗಾಗಿ ಗುರುವಾರದ ತನಕ ಕಾಯಬೇಡಿ.

ನಿಮ್ಮ ಗ್ರಾಮಸೇವಕ